ಅಕ್ಕಿ ಎಳೆಯುವ ನಾಣ್ಯ

ಬೆಳ್ತಂಗಡಿ ಕಡೆಯ ಆ ಮನೆಯಿಂದ ಬಂದ ಮೇಲೆ ಎಷ್ಟೋ ತಿಂಗಳು ನನಗೆ ಬಿಳಿ ಕಾರು ಕಂಡರೆ ಕೈ ತಣ್ಣಗಾಗುತ್ತಿತ್ತು. ನಮ್ಮ ಕಡೆ ಬಿಳಿ ಕಾರುಗಳಿಗೇನೂ ಬರವಿಲ್ಲ. ಹಾಗಾಗಿ ಆ ದಿನಗಳಲ್ಲಿ ನಾನು ಹೆದರದೆ ರಸ್ತೆ ದಾಟಿದ್ದೇ ಕಡಿಮೆ.

ನಾನು ಮೂಡುಬಿದಿರೆಯ ಒಂದು ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾವು ಅದನ್ನು ನೋಡಿ ಹಲ್ಲಿನ ಸೆಟ್, ಕ್ಯಾಪ್ ಮಾಡಿಕೊಡುತ್ತೇವೆ. ಮನೆ ಬಂಟ್ವಾಳದಲ್ಲಿ. ಗಂಡ ಬಿ.ಸಿ. ರೋಡಿನಲ್ಲಿ ಮಿಕ್ಸಿ, ಫ್ಯಾನ್ ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದಾರೆ. ಬೆಳಿಗ್ಗೆ ಸಿದ್ದಕಟ್ಟೆಯ ಮೇಲೆ ಹೋಗುವ ಬಸ್ಸು, ಸಂಜೆ ಅದೇ ದಾರಿಯಲ್ಲಿ ವಾಪಸು. ನನ್ನ ಬದುಕಿನಲ್ಲಿ ಹೆದರಿಕೊಳ್ಳುವಂಥದ್ದು ಅದುವರೆಗೆ ಹೆಚ್ಚೇನೂ ಇರಲಿಲ್ಲ.

ಖೋಟಾ ನಾಣ್ಯದ ಹುಚ್ಚು ಹಿಡಿದದ್ದು ಲ್ಯಾಬಿನಲ್ಲೇ. ನಾನು ಸೇರಿದ ಹೊಸತರಲ್ಲಿ ಕೆಲವರು ಬಂಗಾರದ ಕ್ಯಾಪ್ ಹಾಕಿಸಿಕೊಳ್ಳಲು ತಮ್ಮದೇ ಚಿನ್ನ ತಂದುಕೊಡುತ್ತಿದ್ದರು. ವೇಣೂರು ಕಡೆಯ ಒಬ್ಬರು ಅಜ್ಜ ಹಳೆಯ ಕಾಲದ ಒಂದು ವರಹ ತಂದರು. ಬೆರಳಿನ ಉಗುರಿಗಿಂತ ಚಿಕ್ಕದು. ಕರಗಿಸುವ ಮೊದಲು ಅಂಚನ್ನು ಸ್ವಲ್ಪ ಉಜ್ಜಿ ನೋಡಿದೆ. ಒಳಗೆ ಕೆಂಪಗೆ ತಾಮ್ರ ಕಂಡಿತು. ಮೇಲಿನ ಚಿನ್ನ ಈರುಳ್ಳಿ ಸಿಪ್ಪೆಯಷ್ಟು ತೆಳು. ಅಳುಕುತ್ತ ಅಜ್ಜನಿಗೆ ತೋರಿಸಿದೆ. ಅವರ ಅಜ್ಜಿಯ ಕಾಲದಿಂದ ಅದು ದೇವರ ಕೋಣೆಯಲ್ಲಿ ಇತ್ತಂತೆ, ಹಬ್ಬಹಬ್ಬಕ್ಕೆ ಕುಂಕುಮ ಹಚ್ಚುತ್ತಿದ್ದರಂತೆ. ಅದನ್ನು ಮನೆಗೆ ವಾಪಸು ಕೊಂಡುಹೋಗಲು ಅವರಿಗೆ ಮನಸ್ಸು ಬರಲಿಲ್ಲ, ಎಸೆಯಲೂ ಕೈ ಬರಲಿಲ್ಲ. ನನ್ನ ಮೇಜಿನ ಮೇಲೆ ಇಟ್ಟು ಹೋಗಿಬಿಟ್ಟರು.

ಅವರು ಹೋದ ಮೇಲೆ ಅದನ್ನು ಭೂತಗನ್ನಡಿಯ ಕೆಳಗೆ ಇಟ್ಟು ನೋಡಿದೆ. ಮಾಡಿದವನ ಕೈಕೆಲಸ ಅಚ್ಚುಕಟ್ಟಾಗಿತ್ತು. ಯಾವ ಕಾಲದವನೋ, ಯಾವ ಊರಿನವನೋ, ಆದರೆ ಕಸುಬಿನಲ್ಲಿ ನನ್ನವನೇ ಅನ್ನಿಸಿತು. ಇಲ್ಲದ ಹಲ್ಲನ್ನು ಇರುವಂತೆ ಕಾಣಿಸುವುದೇ ನನ್ನ ಕೆಲಸವೂ ತಾನೇ.

ಅಲ್ಲಿಂದ ಮುಂದೆ ಕೆಟ್ಟ ನಾಣ್ಯ ಎಲ್ಲಿ ಕಂಡರೂ ಬಿಡುತ್ತಿರಲಿಲ್ಲ. ಮೂಡುಬಿದಿರೆಯ ಒಂದು ಗುಜರಿ ಅಂಗಡಿಯವರು ಹಳೆಯ ಪಾತ್ರೆಗಳ ಜೊತೆ ಬಂದ ನಾಣ್ಯಗಳನ್ನು ನನಗೆಂದೇ ತೆಗೆದಿಡುತ್ತಿದ್ದರು. ಅಸಲಿಯನ್ನು ಬೇಡವೆಂದು ನಕಲಿಯನ್ನು ಕೇಳುವ ಗಿರಾಕಿಯನ್ನು ಅವರು ನೋಡಿರಲಿಲ್ಲ. ನನಗೆ ‘ಹಲ್ಲಿನ ಅಕ್ಕ’ ಎಂದು ಹೆಸರಿಟ್ಟು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಸಂಗ್ರಹ ಬೆಳೆದ ಹಾಗೆ ವಿಂಗಡಿಸಬೇಕಾಯಿತು. ರಾಜರ ಹೆಸರಿನಲ್ಲಿ, ಇಸವಿಯ ಲೆಕ್ಕದಲ್ಲಿ ಇಟ್ಟು ನೋಡಿದೆ, ಸರಿಹೋಗಲಿಲ್ಲ. ನಾಣ್ಯದ ಮೇಲಿರುವ ರಾಜನಿಗೂ ಇಸವಿಗೂ ಖೋಟಾ ಮಾಡಿದವನಿಗೂ ಸಂಬಂಧವೇ ಇಲ್ಲವಲ್ಲ. ಕೊನೆಗೆ ಒಂದೇ ಪ್ರಶ್ನೆ ಇಟ್ಟುಕೊಂಡೆ. ಇದನ್ನು ಮಾಡಿದ್ದು ಯಾರ ಕಣ್ಣಿಗೆ ಮಣ್ಣೆರಚಲು? ಸಂತೆಯಲ್ಲಿ ದಾಟಿಸಲು ಮಾಡಿದವು ಒಂದು ಡಬ್ಬಿಗೆ ಹೋದವು. ಸೀಸದ ಮೇಲೆ ಬೆಳ್ಳಿಯ ನೀರು ಕೊಟ್ಟ, ಬ್ರಿಟಿಷರ ರಾಣಿಯ ಮುಖವಿರುವ ರೂಪಾಯಿಗಳು ಅದರಲ್ಲಿದ್ದವು. ಕೆಲವಕ್ಕೆ ಅನುಮಾನ ಬಂದು, ನಾಣ್ಯ ಪರೀಕ್ಷಿಸುವ ಚಿನಿವಾರರು ಉಳಿಯಲ್ಲಿ ಹೊಡೆದ ಗಾಯವೂ ಇತ್ತು. ನನ್ನ ಹಾಗೆ ಕೂಡಿಡುವವರನ್ನು ಮರುಳು ಮಾಡಲು ಈಚೆಗೆ ಎರಕ ಹೊಯ್ದವು ಇನ್ನೊಂದು ಡಬ್ಬಿಗೆ. ಎರಕದ್ದನ್ನು ಗುರುತಿಸುವುದು ನನಗೆ ಸುಲಭ, ಮೈಮೇಲೆ ಸೂಜಿಮೊನೆಯಂಥ ಗುಳ್ಳೆಗಳಿರುತ್ತವೆ, ಅಂಚಿನಲ್ಲಿ ಅರದಿಂದ ತಿಕ್ಕಿದ ಗೆರೆ ಇರುತ್ತದೆ. ಪೂಜೆಗೆಂದೇ ಮಾಡಿದ ರಾಮಟಂಕೆಗಳಿಗೆ ಬೇರೆ ಜಾಗ, ಅವುಗಳನ್ನು ಮಾಡಿದವನಿಗೆ ಮೋಸದ ಯೋಚನೆಯೇ ಇರಲಿಲ್ಲ. ಕೊನೆಯ ಡಬ್ಬಿ ವಿಚಿತ್ರದ್ದು. ಅದರಲ್ಲಿರುವುದು ಅಸಲಿಯೇ ಇಲ್ಲದ ನಕಲಿಗಳು. ಒಂದು ಬದಿಯಲ್ಲಿ ಬ್ರಿಟಿಷರ ಕಂಪನಿಯ ಹೆಸರು, ಆಣೆಯ ಬೆಲೆ, ಹಳೆಯದೊಂದು ಇಸವಿ. ಇನ್ನೊಂದು ಬದಿಯಲ್ಲಿ ಹನುಮಂತ. ಅಂಥ ನಾಣ್ಯವನ್ನು ಕಂಪನಿ ಯಾವತ್ತೂ ಹೊಡೆಸಿರಲಿಲ್ಲ. ಈಗಲೂ ಯಾರೋ ಎಲ್ಲೋ ಮಾಡುತ್ತಿರುತ್ತಾರೆ.

ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ ಗುಜರಿ ಅಂಗಡಿಯವರ ಹೆಸರು ಹೇಳಿಕೊಂಡು ಒಬ್ಬರು ಲ್ಯಾಬಿಗೆ ಬಂದರು. ಗರಿಗರಿ ಇಸ್ತ್ರಿ ಮಾಡಿದ ಅಂಗಿ. ತುಳು ಬರುತ್ತಿರಲಿಲ್ಲ, ಘಟ್ಟದ ಮೇಲಿನ ಕನ್ನಡ. ಬೆಳ್ತಂಗಡಿಯ ಹತ್ತಿರ ಒಂದು ಮನೆಯಲ್ಲಿ ಹಳೆಯ ನಾಣ್ಯಗಳಿವೆ, ಅದರಲ್ಲಿ ಹೆಚ್ಚಿನವು ಖೋಟಾ ಇರಬೇಕೆಂದು ಮನೆಯವರಿಗೆ ಅನುಮಾನ, ನೀವು ಬಂದು ಬೇರೆಬೇರೆ ಮಾಡಿಕೊಟ್ಟರೆ ಉಪಕಾರ ಎಂದರು. ಕಾರಿನಲ್ಲಿ ಕರೆದುಕೊಂಡು ಹೋಗಿ ಸಂಜೆಯೊಳಗೆ ಬಿಡುವುದಾಗಿ ಹೇಳಿದರು. ಖೋಟಾ ಎಂಬ ಶಬ್ದ ಕೇಳಿದ ಮೇಲೆ ನಾನು ಬೇರೇನೂ ಕೇಳಲಿಲ್ಲ. ಶನಿವಾರ ಅರ್ಧ ದಿನ ರಜೆ ಹಾಕಿ ಹೊರಟೆ. ಸಂಜೆ ಮಾಮೂಲಿ ಹೊತ್ತಿಗೆ ಮನೆಯಲ್ಲಿರುತ್ತೇನಲ್ಲ ಎಂದು ಗಂಡನಿಗೆ ಫೋನ್ ಕೂಡ ಮಾಡಲಿಲ್ಲ.

ಬಿಳಿ ಕಾರು, ಓಡಿಸುತ್ತಿದ್ದವನು ಇನ್ನೊಬ್ಬ, ಮಾತೇ ಆಡದವನು. ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ. ವೇಣೂರು ದಾಟುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಮುಂದೆ ಕೂತ ಇಸ್ತ್ರಿ ಅಂಗಿಯವರಿಗೆ ಒಂದು ಫೋನ್ ಬಂತು. “ಬಂದೇ ಬಿಟ್ವಿ ಸರ್. ಬೆಂಗಳೂರಿನ ಲ್ಯಾಬಿನಿಂದ ಸೈಂಟಿಸ್ಟ್ ಮೇಡಂ ಬಂದಿದಾರೆ. ಟೆಸ್ಟಿಂಗ್ ಇವತ್ತೇ ಮುಗಿಸಿಬಿಡೋಣ” ಎಂದು ಅವರು ಹೇಳಿದರು. ಕಾರಿನಲ್ಲಿ ಇನ್ನು ಯಾವ ಮೇಡಂ ಇದ್ದಾರೆ ಎಂದು ನಾನು ನಿಜವಾಗಿ ಪಕ್ಕಕ್ಕೆ ನೋಡಿದೆ. ಪಕ್ಕದಲ್ಲಿ ನನ್ನ ಬುತ್ತಿಚೀಲ ಮಾತ್ರ ಇತ್ತು.

ಯಾರ ವಿಷಯ ಹೇಳಿದ್ದು ಎಂದು ಕೇಳಿದೆ. ಅವರು ತಿರುಗಿ ನಕ್ಕರು. ಮನೆಯವರಿಗೆ ಒಂದು ಧೈರ್ಯ ಬರಲಿ ಎಂದು ಹಾಗೆ ಹೇಳಿದ್ದಂತೆ. ನಾನು ಅಲ್ಲಿ ಏನೂ ಮಾತಾಡಬಾರದಂತೆ, ನೋಡಿ ತಲೆಯಾಡಿಸಿದರೆ ಸಾಕಂತೆ.

“ನಾನು ಇಲ್ಲೇ ಇಳಿತೇನೆ” ಎಂದೆ.

“ಹತ್ತಿರ ಬಂತು ಮೇಡಂ” ಎಂದರು ಅವರು. ಅಷ್ಟರಲ್ಲಿ ಬಾಗಿಲುಗಳು ಲಾಕ್ ಆದ ಸದ್ದು ಕೇಳಿತು. ಕನ್ನಡಿಯಲ್ಲಿ ಡ್ರೈವರನ ಕಣ್ಣು ನನ್ನ ಮೇಲೇ ಇತ್ತು.

ಗುರುವಾಯನಕೆರೆಯ ಪೇಟೆ ಬಂತು. ಬಸ್ಸುಗಳು, ಜನ, ಹಣ್ಣಿನ ಅಂಗಡಿ. ಗಾಜು ತಟ್ಟಿ ಕೂಗಬಹುದಿತ್ತು. ಕೂಗಿ ಏನೆಂದು ಹೇಳುವುದು? ನಾನಾಗಿ ಹತ್ತಿದ ಕಾರು. ಆ ಯೋಚನೆ ಮುಗಿಯುವುದರೊಳಗೆ ಪೇಟೆ ಮುಗಿದಿತ್ತು. ಕಾರು ಒಳದಾರಿ ಹಿಡಿಯಿತು. ಎರಡೂ ಕಡೆ ರಬ್ಬರ್ ಮರಗಳು, ಹಾಲು ಹಿಡಿಯಲು ಕಟ್ಟಿದ ಬಟ್ಟಲುಗಳು, ನರಪಿಳ್ಳೆ ಇಲ್ಲ. ಬುತ್ತಿಚೀಲವನ್ನು ತೊಡೆಯ ಮೇಲೆ ಇಟ್ಟು ಅಪ್ಪಿಕೊಂಡೆ.

ಮನೆ ಹೊಸತು, ತಾರಸಿಯದ್ದು. ಬಾಗಿಲಲ್ಲಿ ಒಬ್ಬರು ಹಿರಿಯರು ನಿಂತಿದ್ದರು. ಬಹಳ ವರ್ಷ ಮಸ್ಕತ್ತಿನಲ್ಲಿ ದುಡಿದು ಊರಿಗೆ ಬಂದವರು ಎಂದು ಆಮೇಲೆ ಗೊತ್ತಾಯಿತು. ಅವರ ಹಿಂದೆ ತಲೆಯ ಮೇಲೆ ಶಾಲು ಹೊದ್ದುಕೊಂಡ ಅವರ ಹೆಂಡತಿ. ಹಿರಿಯರು ನನಗೆ ಎರಡೂ ಕೈ ಎತ್ತಿ ಮುಗಿದರು. ಅಷ್ಟು ದೊಡ್ಡವರು ಮುಗಿದಾಗ ನನಗೆ ಅಳು ಬಂದ ಹಾಗಾಯಿತು.

ಒಳಗೆ ಹೋದದ್ದೇ ಇಸ್ತ್ರಿ ಅಂಗಿಯವನು ಕಿಟಕಿಯ ಪರದೆಗಳನ್ನೆಲ್ಲ ಎಳೆದ. ಇನ್ನು ಅವನಿಗೆ ಬಹುವಚನ ಕೊಡಲಾರೆ. ನಾಣ್ಯದಿಂದ ರೇಡಿಯೇಶನ್ ಬರುತ್ತದೆ, ಫೋನ್ ಹತ್ತಿರ ಇದ್ದರೆ ಅಪಾಯ ಎಂದು ಹೇಳಿ ಹಿರಿಯರ ಫೋನನ್ನೂ ನನ್ನದನ್ನೂ ಒಂದು ಚೀಲಕ್ಕೆ ಹಾಕಿಸಿಕೊಂಡ. ನನಗೆ ಬೆಳ್ಳಿ ಬಣ್ಣದ ಒಂದು ರೈನ್‌ಕೋಟ್ ತೊಡಿಸಿ ಕೈಗವಸು ಕೊಟ್ಟ. ಫೋನ್ ಚೀಲದೊಳಗೆ ಬಿದ್ದಾಗ, ನಾನು ಎಲ್ಲಿದ್ದೇನೆಂದು ಭೂಮಿಯ ಮೇಲೆ ನನ್ನವರು ಯಾರಿಗೂ ಗೊತ್ತಿಲ್ಲ ಎಂಬುದು ತಲೆಗೆ ಹೋಯಿತು. ಸ್ವಲ್ಪ ಅಲ್ಲಾಡಿದರೂ ಆ ಕೋಟು ಸರಬರ ಸದ್ದು ಮಾಡುತ್ತಿತ್ತು.

ಮೇಜಿನ ಮೇಲೆ ಕೆಂಪು ಬಟ್ಟೆ, ಅದರ ಮೇಲೆ ಗಾಜಿನ ಭರಣಿ, ಭರಣಿಯೊಳಗೆ ನಾಣ್ಯ. ಅವನು ಒಂದು ಚಿಟಿಕೆ ಅಕ್ಕಿ ಹಾಕಿದ. ಕಾಳುಗಳು ಜಾರಿಕೊಂಡು ಹೋಗಿ ನಾಣ್ಯಕ್ಕೆ ಅಂಟಿದವು. ಹಿರಿಯರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅಕ್ಕಿ ಎಳೆಯುವ ನಾಣ್ಯದ ಮೋಸದ ಬಗ್ಗೆ ನಾನು ಪೇಪರಿನಲ್ಲಿ ಓದಿದ್ದೆ. ಅಕ್ಕಿಗೆ ಕಬ್ಬಿಣದ ಪುಡಿ ಹಿಡಿಸಿರುತ್ತಾರೆ, ನಾಣ್ಯದ ಅಡಿಯಲ್ಲಿ ಅಯಸ್ಕಾಂತ ಇರುತ್ತದೆ. ವಿದೇಶದ ಕಂಪನಿಯವರು ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತಾರೆಂದು ನಂಬಿಸಿ, ಪರೀಕ್ಷೆಯ ಖರ್ಚು, ಲೈಸೆನ್ಸಿನ ಖರ್ಚು ಎಂದು ಸುಲಿಯುತ್ತಾರೆ. ನಾಣ್ಯವನ್ನು ನೋಡಿದೆ. ಕಂಪನಿಯ ಹೆಸರು, ಆಣೆ, ಹನುಮಂತ. ಮೈಮೇಲೆ ಎರಕದ ಗುಳ್ಳೆಗಳು. ಬೇರೆ ದಿನವಾದರೆ ನಗು ಬರುತ್ತಿತ್ತು.

ಹಿರಿಯರು ನನ್ನ ಕಡೆ ತಿರುಗಿ ಮೆಲ್ಲ ಕೇಳಿದರು. “ಹೇಗೆ ಮೇಡಂ, ಪವರ್ ಉಂಟಾ?”

ಇಲ್ಲ ಎಂದರೆ ಈ ಇಬ್ಬರು ಏನು ಮಾಡುತ್ತಾರೋ. ಉಂಟು ಎಂದರೆ ಈ ಮನುಷ್ಯನ ಗತಿ ಏನಾಗುತ್ತದೋ. ಮೇಡಂ ಬಾಯಲ್ಲಿ ಹೇಳುವ ಹಾಗಿಲ್ಲ, ರಿಪೋರ್ಟ್ ಕೊಡುತ್ತಾರೆ ಎಂದು ಅವನೇ ಉತ್ತರ ಕೊಟ್ಟ. ಹಿರಿಯರ ಕಣ್ಣಲ್ಲಿ ನೀರು ಬಂತು. ಆ ನಾಣ್ಯ ಕೊಳ್ಳಲು ಸೈಟು ಮಾರಿ ಅರ್ಧ ಹಣ ಮೊದಲೇ ಕೊಟ್ಟಿದ್ದರು, ಉಳಿದದ್ದನ್ನು ಈಗ ಕೊಡುವವರು ಎಂದು ಅವರ ಮಾತಿನಿಂದ ತಿಳಿಯಿತು. ಕಪಾಟಿನ ಬೀಗದಕೈ ಅವರ ಕೈಯಲ್ಲೇ ಇತ್ತು.

ನಾನು ಕೈಗವಸು ಬಿಚ್ಚಿ, ಕೈ ತೊಳೆಯಬೇಕು ಎಂದೆ. ರೇಡಿಯೇಶನ್ ಎಂದು ಅವನೇ ಹೇಳಿದ್ದರಿಂದ ಬೇಡವೆನ್ನಲು ಅವನಿಗೆ ಆಗಲಿಲ್ಲ. ಮನೆಯಾಕೆ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು.

ನಲ್ಲಿ ಪೂರ್ತಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ತುಳುವಿನಲ್ಲಿ ಹೇಳಿದೆ. ನಾನು ಸೈಂಟಿಸ್ಟ್ ಅಲ್ಲ, ಮೂಡುಬಿದಿರೆಯಲ್ಲಿ ಹಲ್ಲಿನ ಸೆಟ್ ಮಾಡುವವಳು. ಆ ನಾಣ್ಯ ಸುಳ್ಳು. ಹಣ ಕೊಡಬೇಡಿ. ನನ್ನನ್ನು ಹೇಗಾದರೂ ಇಲ್ಲಿಂದ ಹೊರಗೆ ಕಳಿಸಿ.

ಅವರು ನನ್ನ ಮುಖವನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ.

“ನನಗೆ ಮೊದಲೇ ಅನುಮಾನ ಉಂಟು ಅಕ್ಕ” ಎಂದರು. “ಹೇಳಿದರೆ ಇವರು ನನ್ನ ಹತ್ತಿರ ಮಾತು ಬಿಡ್ತಾರೆ. ನೀವು ಹೆದರ್ಬೇಡಿ, ಇಲ್ಲೇ ಕೂತುಕೊಳ್ಳಿ.”

ಹಿಟ್ಟಿನ ಡಬ್ಬಿಯ ಹಿಂದೆ ಚಾರ್ಜಿಗೆ ಇಟ್ಟಿದ್ದ ಫೋನನ್ನು ಎತ್ತಿಕೊಂಡರು. ಅಡುಗೆಮನೆಯ ಹೆಂಗಸಿಗೂ ಫೋನ್ ಇರಬಹುದೆಂದು ಆ ಇಬ್ಬರಿಗೆ ಹೊಳೆದಿರಲಿಲ್ಲ. ಹತ್ತಿರದಲ್ಲೇ ಅವರ ತಮ್ಮನ ಮರದ ಮಿಲ್ಲು ಇತ್ತು. ಬ್ಯಾರಿ ಭಾಷೆಯಲ್ಲಿ ಎರಡೇ ಮಾತು ಹೇಳಿ ಇಟ್ಟರು. ತಮ್ಮ ಮಧ್ಯಾಹ್ನದ ನಮಾಜು ಮುಗಿಸಿ ಮಿಲ್ಲಿಗೆ ಬಂದಿದ್ದಾನೆ, ಈಗ ಬರುತ್ತಾನೆ ಎಂದರು. ಆಮೇಲೆ ಲಿಂಬೆ ಹಿಂಡಲು ಶುರುಮಾಡಿದರು.

ಅಷ್ಟರಲ್ಲಿ ಇಸ್ತ್ರಿ ಅಂಗಿಯವನು ಅಡುಗೆಮನೆಯ ಬಾಗಿಲಿಗೆ ಬಂದ. ನನಗೆ ತಲೆ ತಿರುಗಿತೆಂದೂ, ಶರಬತ್ತು ಕುಡಿಸಿ ಕಳಿಸುತ್ತೇನೆಂದೂ ಮನೆಯಾಕೆ ಹೇಳಿದರು. ಅವನು ಅವರನ್ನು ನೋಡಲೇ ಇಲ್ಲ. ನನ್ನನ್ನು ನೋಡಿ, ಸ್ವರ ಏರಿಸದೆ, ಮನೆಯವರ ಆರೋಗ್ಯ ವಿಚಾರಿಸುವ ಹಾಗೆ ಕೇಳಿದ.

“ಮೇಡಂ, ನಿಮ್ಮ ಯಜಮಾನ್ರ ಅಂಗಡಿ ಬಿ.ಸಿ. ರೋಡಲ್ಲಿ ಅಲ್ವಾ?”

ನಾನು ಅವನಿಗೆ ಗಂಡನ ವಿಷಯ ಹೇಳಿರಲೇ ಇಲ್ಲ. ಹೌದು ಎಂದೆನೋ ಇಲ್ಲ ಎಂದೆನೋ ನೆನಪಿಲ್ಲ. ಲೋಟ ತುಟಿಗಿಟ್ಟರೆ ಹಲ್ಲಿಗೆ ತಾಗಿ ಕಟಕಟ ಎನ್ನುತ್ತಿತ್ತು.

ಜೀಪು ಬಂದ ಸದ್ದು ಆಗಲೇ ಕೇಳಿದ್ದು. ಮನೆಯಾಕೆಯ ತಮ್ಮನ ಜೊತೆ ಮಿಲ್ಲಿನ ಇಬ್ಬರು ಕೆಲಸದವರೂ ಇದ್ದರು. ಅವರು ಅಂಗಳಕ್ಕೆ ಇಳಿಯುವುದರೊಳಗೆ ಅವನು ನಡುಮನೆಗೆ ಹೋಗಿ ಭರಣಿಯನ್ನೂ ಫೋನಿನ ಚೀಲವನ್ನೂ ಎತ್ತಿಕೊಂಡಿದ್ದ. ಓಡಲಿಲ್ಲ, ಬೇರೆ ಕೆಲಸ ನೆನಪಾದವನಂತೆ ಬೇಗ ನಡೆದು ಕಾರು ಹತ್ತಿದ. ಕಾರು ಗೇಟಿಗೆ ಉಜ್ಜಿಕೊಂಡೇ ಹೊರಗೆ ಹೋಯಿತು. ಹಿರಿಯರು ಚಪ್ಪಲಿಯನ್ನೂ ಹಾಕದೆ ಹಿಂದೆ ಓಡಿದರು, ನನ್ನ ನಾಣ್ಯ, ನನ್ನ ನಾಣ್ಯ ಎನ್ನುತ್ತ. ಭಾವನನ್ನು ಹಿಡಿದು ನಿಲ್ಲಿಸಲು ತಮ್ಮನೇ ಬೇಕಾಯಿತು.

ವಾಪಸು ಬಂದವರು ನನ್ನ ಎದುರು ನಿಂತರು. ನಾನಿನ್ನೂ ಆ ಬೆಳ್ಳಿ ಕೋಟಿನಲ್ಲೇ ಇದ್ದೆ. “ನೀವು ಯಾರು? ನನ್ನ ಮನೆಗೆ ಯಾಕೆ ಬಂದದ್ದು?” ಎಂದು ಕೇಳಿದರು. ಆ ಸ್ವರಕ್ಕೆ ನಾನು ಆ ಇಬ್ಬರಿಗಿಂತ ಹೆಚ್ಚು ಹೆದರಿದೆ.

ಮನೆಯಾಕೆಯ ತಮ್ಮ ನನ್ನನ್ನು ಜೀಪಿನಲ್ಲಿ ಬಿ.ಸಿ. ರೋಡಿನ ಅಂಗಡಿಯವರೆಗೆ ತಂದು ಬಿಟ್ಟರು. ಗಂಡ ಎಲ್ಲವನ್ನೂ ಕೇಳಿಸಿಕೊಂಡು ಅಂಗಡಿಯ ಸ್ಟೂಲಿನ ಮೇಲೆ ಕೂತರು. ಹೊರಡುವಾಗ ನನ್ನ ಹತ್ತಿರ ಒಂದು ಮಾತು ಹೇಳಬಾರದಿತ್ತಾ ಎಂದು ಮಾತ್ರ ಕೇಳಿದರು. ಅವತ್ತು ಅಂಗಡಿ ಬೇಗ ಮುಚ್ಚಿದರು.

ಹೆದರಿಕೆ ಗಟ್ಟಿಯಾಗಿ ಕೂತದ್ದು ಆಮೇಲೆ. ನನ್ನ ಫೋನ್ ಅವರ ಹತ್ತಿರ ಇತ್ತು. ಅದರಲ್ಲಿ ಮಗಳ ಫೋಟೋ, ಅವಳ ಕಾಲೇಜಿನ ಬಸ್ಸಿನ ಫೋಟೋ, ನಮ್ಮ ಮನೆಯ ಗೇಟಿನ ಫೋಟೋ. ಹೊಸ ಸಿಮ್ ತೆಗೆದುಕೊಂಡೆ, ನಂಬರ್ ಯಾರಿಗೂ ಕೊಡಲು ಭಯ. ಮಿಕ್ಸಿ ರಿಪೇರಿಗೆಂದು ಘಟ್ಟದ ಮೇಲಿನ ಕನ್ನಡದವರು ಯಾರಾದರೂ ಅಂಗಡಿಗೆ ಬಂದರೆ ಗಂಡ ನನಗೆ ಹೇಳುತ್ತಿರಲಿಲ್ಲ. ಹೇಳದಿದ್ದರೂ ಅವರ ಮುಖದಲ್ಲಿ ಗೊತ್ತಾಗುತ್ತಿತ್ತು. ಲ್ಯಾಬಿನಲ್ಲಿ ಬಾಗಿಲು ತೆರೆದ ಸದ್ದಿಗೆ ಬೆಚ್ಚಿ, ಆಗತಾನೆ ಕೆತ್ತಿದ ಮೇಣದ ಹಲ್ಲನ್ನು ಎಷ್ಟೋ ಸಲ ಮುರಿದೆ. ಗುಜರಿ ಅಂಗಡಿಯ ಕಡೆಗೆ ತಲೆ ಹಾಕಿ ಮಲಗಲಿಲ್ಲ. ಅವರು ಪಾಪ, ನನ್ನನ್ನು ಹೊಗಳಲು ಹೋಗಿ ಗಂಡನ ಅಂಗಡಿಯ ವಿಷಯವನ್ನೂ ಆ ಗಿರಾಕಿಗೆ ಹೇಳಿದ್ದರಂತೆ.

ಪೊಲೀಸರಿಗೆ ಹೇಳುವ ಎಂದರು ಗಂಡ. ಹೇಳಲು ನನಗೆ ಇನ್ನೊಂದು ಹೆದರಿಕೆ. ಮನೆಯಲ್ಲಿ ಡಬ್ಬಿಗಟ್ಟಲೆ ಖೋಟಾ ನಾಣ್ಯ ಇಟ್ಟುಕೊಂಡವಳು ನಾನು. ಖೋಟಾ ನಾಣ್ಯ ಇಟ್ಟುಕೊಳ್ಳುವುದೇ ಅಪರಾಧ ಎಂದು ಎಲ್ಲೋ ಓದಿದ ನೆನಪು. ಅದುವರೆಗೆ ಆಟಿಕೆಯಂತಿದ್ದ ಆ ಡಬ್ಬಿಗಳು ಕಪಾಟಿನಲ್ಲಿ ಹಾವಿನ ಹಾಗೆ ಮಲಗಿದ್ದವು. ಒಮ್ಮೆ ಅಟ್ಟಕ್ಕೆ ಹಾಕಿದೆ, ಒಮ್ಮೆ ಸೌದೆಯ ಅಡಿಗೆ. ಕೊನೆಗೆ ಒಂದು ಭಾನುವಾರ ಎಲ್ಲವನ್ನೂ ಚೀಲದಲ್ಲಿ ತುಂಬಿ ಪಾಣೆಮಂಗಳೂರಿನ ಸೇತುವೆಗೆ ಹೋದೆ, ನೇತ್ರಾವತಿಗೆ ಹಾಕಿ ಕೈ ತೊಳೆದುಕೊಳ್ಳುವ ಎಂದು. ಕಂಬಿಗೆ ಚೀಲ ಒರಗಿಸಿ ನಿಂತೆ. ದಾರಿಹೋಕರೊಬ್ಬರು ಹತ್ತಿರ ಬಂದು, ಏನಕ್ಕ, ಮನೆಯಲ್ಲಿ ಎಲ್ಲ ಸರಿ ಉಂಟಲ್ಲ ಎಂದು ಕೇಳಿದರು. ನಾನು ಹಾರಲು ಬಂದವಳು ಎಂದು ತಿಳಿದಿದ್ದರು. ನಾಚಿಕೆಯಾಗಿ ಚೀಲ ಎತ್ತಿಕೊಂಡು ಮನೆಗೆ ಬಂದೆ.

ಆ ಮನೆಯಾಕೆ ಲ್ಯಾಬಿಗೆ ಫೋನ್ ಮಾಡಿದ್ದು ಅದಾಗಿ ಸ್ವಲ್ಪ ದಿನಕ್ಕೆ. ತಮ್ಮನ ಒತ್ತಾಯಕ್ಕೆ ಅವರ ಗಂಡ ಬೆಳ್ತಂಗಡಿಯಲ್ಲಿ ದೂರು ಕೊಡಲು ಒಪ್ಪಿದ್ದಾರೆ, ನೀವೂ ಬಂದು ಹೇಳಬೇಕು ಎಂದರು. ನೀವು ಬಾರದಿದ್ದರೆ ಇವರು ಪುನಃ ಆ ಮೋಸದವರನ್ನು ಹುಡುಕಿಕೊಂಡು ಹೋಗುತ್ತಾರೆ ಎಂದೂ ಹೇಳಿದರು. ನನ್ನಿಂದ ಇಲ್ಲವೆನ್ನಲು ಆಗಲಿಲ್ಲ. ಕೊನೆಯ ಡಬ್ಬಿಯನ್ನು, ಹನುಮಂತನ ನಾಣ್ಯಗಳದ್ದನ್ನು, ಚೀಲದಲ್ಲಿ ಹಾಕಿಕೊಂಡು ಗಂಡನ ಜೊತೆ ಬಸ್ಸು ಹತ್ತಿದೆ. ಪುಂಜಾಲಕಟ್ಟೆಯಲ್ಲಿ ವಾಹನ ತಪಾಸಣೆಗೆ ಪೊಲೀಸರು ನಿಂತಿದ್ದರು. ಬಸ್ಸನ್ನು ಅವರು ನೋಡಲೂ ಇಲ್ಲ, ಆದರೆ ನಾನು ಚೀಲವನ್ನು ಸೀಟಿನ ಅಡಿಗೆ ತಳ್ಳಿದ್ದೆ.

ಠಾಣೆಯಲ್ಲಿ ಅಧಿಕಾರಿ ನನ್ನ ಮಾತನ್ನೆಲ್ಲ ಬರೆಸಿಕೊಂಡರು. ಕೊನೆಗೆ ನಾನೇ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟು, ಇಂಥದ್ದು ಮನೆಯಲ್ಲಿ ಇನ್ನೂ ಉಂಟು ಎಂದೆ. ಅವರು ಲಕೋಟೆಗಳನ್ನು ಒಂದೊಂದಾಗಿ ನೋಡಿದರು. ಪ್ರತಿಯೊಂದರ ಮೇಲೂ ಖೋಟಾ ಎಂದು ನನ್ನ ಅಕ್ಷರದಲ್ಲೇ ಇತ್ತು.

“ಅಸಲಿ ಅಂತ ದಾಟಿಸುವವರನ್ನು ನಾವು ಹಿಡಿಯುವುದು” ಎಂದರು. “ನೀವು ಖೋಟಾ ಅಂತ ಬರೆದೇ ಇಟ್ಟಿದ್ದೀರಲ್ಲ ಅಮ್ಮ. ಮನೆಗೆ ಕೊಂಡುಹೋಗಿ.”

ಲಕೋಟೆಗಳನ್ನು ಒಂದೊಂದಾಗಿ ಎಣಿಸಿ ಡಬ್ಬಿಗೆ ಹಾಕಿದೆ.

ಬೆಂಚಿನ ಮೇಲೆ ಕೂತಿದ್ದ ಹಿರಿಯರಿಗೆ ತೋರಿಸಿ ಎಂದು ಅಧಿಕಾರಿಯೇ ಹೇಳಿದರು. ಡಬ್ಬಿಯಿಂದ ಒಂದು ನಾಣ್ಯ ತೆಗೆದು ಹಿರಿಯರ ಅಂಗೈಯಲ್ಲಿ ಇಟ್ಟೆ. ಅದೇ ಕಂಪನಿ, ಅದೇ ಆಣೆ, ಅದೇ ಹನುಮಂತ. ಆ ಕಡೆ ಈ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದರು. ನನ್ನದು ಇದಲ್ಲ, ಅದು ಕೈಯಲ್ಲಿ ಹಿಡಿದರೆ ಬಿಸಿ ಬರುತ್ತಿತ್ತು ಎಂದು ವಾಪಸು ಕೊಟ್ಟರು. ಅವರ ಹೆಂಡತಿ ಗೋಡೆಯ ಕಡೆ ಮುಖ ತಿರುಗಿಸಿದರು. ನಾನು ನಾಣ್ಯವನ್ನು ಲಕೋಟೆಗೆ ಹಾಕಿದೆ. ಮೋಸ ಮಾಡಿದವನ ಮನಸ್ಸನ್ನು ನೋಡಿಯೇ ನಾನು ಡಬ್ಬಿಗಳನ್ನು ಬೇರೆಬೇರೆ ಮಾಡಿದ್ದು. ನಂಬಿದವರ ಕಡೆಯಿಂದ ಒಂದು ನಾಣ್ಯವನ್ನೂ ನೋಡಿರಲಿಲ್ಲ.

ಕೆಲವು ತಿಂಗಳ ಮೇಲೆ ಆ ಡ್ರೈವರ್ ಬೇರೆ ಜಿಲ್ಲೆಯಲ್ಲಿ ಇಂಥದೇ ಕೆಲಸದಲ್ಲಿ ಸಿಕ್ಕಿಬಿದ್ದ. ಗುರುತು ಹೇಳಲು ನನ್ನನ್ನು ಬೆಳ್ತಂಗಡಿಗೆ ಕರೆದರು. ಅವನು ನನ್ನನ್ನು ನೋಡಿದ್ದು ಕಾರಿನ ಕನ್ನಡಿಯಲ್ಲಿ ನೋಡಿದ ಹಾಗೆಯೇ. ಇವನೇ ಎಂದು ಹೇಳಿ ಹೊರಗೆ ಬಂದು ವಾಂತಿ ಮಾಡಿಕೊಂಡೆ. ಇಸ್ತ್ರಿ ಅಂಗಿಯವನು ಇನ್ನೂ ಸಿಕ್ಕಿಲ್ಲ. ಹಿರಿಯರು ಮೊದಲೇ ಕೊಟ್ಟಿದ್ದ ಅರ್ಧ ಹಣ ಬಂದಿಲ್ಲ, ಕಪಾಟಿನಲ್ಲಿದ್ದ ಅರ್ಧ ಉಳಿಯಿತು.

ಡ್ರೈವರನ ಗುರುತು ಹೇಳಿದ ದಿನ ಬೆಳ್ತಂಗಡಿ ಬಸ್ ಸ್ಟ್ಯಾಂಡಿನಲ್ಲಿ ನಾನು ಒಬ್ಬಳೇ ನಿಂತಿದ್ದೆ. ಗಂಡ ನೀರಿನ ಬಾಟಲಿ ತರಲು ಹೋಗಿದ್ದರು. ಹಿರಿಯರು ಜನರ ನಡುವಿನಿಂದ ನೇರ ನನ್ನ ಕಡೆ ಬರುವುದು ಕಂಡಿತು. ಹಿಂದೆ ಸರಿಯಲು ನೋಡಿದರೆ ಹಿಂದೆ ಕಂಬ. ಅವರು ಸ್ವಲ್ಪ ದೂರದಲ್ಲೇ ನಿಂತರು. ಮೊದಲಿಗಿಂತ ಬಹಳ ಇಳಿದಿದ್ದರು.

“ಒಂದು ಕೇಳ್ತೇನೆ, ಸತ್ಯ ಹೇಳಿ” ಎಂದರು. “ಆ ನಾಣ್ಯ ಸುಳ್ಳು ಅಂತ ನೀವು ಹೇಳಿದ್ದು ಅವರಿಗೆ ಹೆದರಿ, ತಪ್ಪಿಸಿಕೊಳ್ಳಲಿಕ್ಕೆ ಅಲ್ವಾ?”

“ಅಲ್ಲ ಕಾಕ. ಹೆದರಿ ನಾನು ನಿಮ್ಮೆದುರು ಸುಮ್ಮನೆ ನಿಂತದ್ದು. ಅದು ಸುಳ್ಳೇ.”

ಆಯಿತು ಎಂದರು. ಇನ್ನೂ ಏನೋ ಹೇಳುವವರಿದ್ದರು, ಅಷ್ಟರಲ್ಲಿ ಬಂಟ್ವಾಳದ ಬಸ್ಸು ಬಂತು, ಗಂಡ ಓಡಿಕೊಂಡು ಬಂದರು. ಬಸ್ಸಿನಿಂದ ತಿರುಗಿ ನೋಡಿದಾಗ ಹಿರಿಯರು ಅಲ್ಲೇ ಇದ್ದರು, ಯಾವ ಬಸ್ಸನ್ನೂ ಕಾಯದವರ ಹಾಗೆ.

ಈಗಲೂ ನಾನು ಖೋಟಾ ನಾಣ್ಯ ಕೂಡಿಡುತ್ತೇನೆ. ಯಾರ ಮನೆಗೂ ಹೋಗಿ ನೋಡುವುದಿಲ್ಲ, ಬೇಕಾದವರು ಲ್ಯಾಬಿಗೇ ತರಬೇಕು. ಬಂದವರ ಮಾತಿನಲ್ಲಿ ತುಳು ಕೇಳಿದರೆ ಉಸಿರು ಸಡಿಲವಾಗುತ್ತದೆ. ಇಸ್ತ್ರಿ ಅಂಗಿ ಕಂಡರೆ ಕೈಯಲ್ಲಿದ್ದ ಮೇಣವನ್ನು ಕೆಳಗಿಟ್ಟು, ಒಳಗಿನ ಕೋಣೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಮೊದಲು ನೋಡಿಕೊಳ್ಳುತ್ತೇನೆ.